“ಟ್ರಾಫಿಕ್ ಕಾಣುತ್ತಿಲ್ಲ” ಎನ್ನಲು ತಡ ಮಾಡಬೇಡಿ

ರಾತ್ರಿಯ ಅಪ್ರೋಚ್, ಅಂದರೆ ಇಳಿಯಲು ರನ್‌ವೇಯತ್ತ ಸಾಗುವ ಹಂತ. ಸಹ ಪೈಲಟ್ ಆದ ಫಸ್ಟ್ ಆಫೀಸರ್ ಹಾರಿಸುತ್ತಿದ್ದರು, ರೇಡಿಯೊ ನನ್ನದು. ಏರ್ ಟ್ರಾಫಿಕ್ ಕಂಟ್ರೋಲರ್ ನಮ್ಮ ಮುಂದಿದ್ದ ವಿಮಾನದ ದಿಕ್ಕು, ದೂರ ಹೇಳಿ ಕಾಣುತ್ತಿದೆಯೇ ಎಂದು ಕೇಳಿದರು. ಅದರ ಸ್ಟ್ರೋಬ್ ದೀಪ ಚೆನ್ನಾಗಿಯೇ ಮಿನುಗುತ್ತಿತ್ತು. “ಟ್ರಾಫಿಕ್ ಇನ್ ಸೈಟ್”, ಅಂದರೆ ಆ ವಿಮಾನ ಕಾಣುತ್ತಿದೆ, ಎಂದೆ. “ಮೇಂಟೇನ್ ವಿಷುವಲ್ ಸೆಪರೇಷನ್, ಕಾಷನ್ ವೇಕ್ ಟರ್ಬ್ಯುಲೆನ್ಸ್” ಎಂಬ ಉತ್ತರ ಬಂತು: ಅದನ್ನು ಕಣ್ಣಿಂದಲೇ ನೋಡುತ್ತ ಅಂತರ ಕಾಯ್ದುಕೊಳ್ಳಿ, ಅದು ಹಿಂದೆ ಬಿಡುವ ಸುಳಿಗಾಳಿಯ ಬಗ್ಗೆ ಎಚ್ಚರ. ಅಲ್ಲಿಂದಾಚೆ ಅಂತರ ಕಾಯುವ ಹೊಣೆ ನಮ್ಮಿಬ್ಬರ ಕಣ್ಣುಗಳದು.

ನಾವು ಬೇಸ್‌ಗೆ, ಅಂದರೆ ರನ್‌ವೇಗೆ ನೇರವಾಗುವ ಮುಂಚಿನ ಅಡ್ಡ ದಾರಿಗೆ, ತಿರುಗಿದೆವು. ಮುಂದಿನ ವಿಮಾನ ಇಳಿಯುತ್ತಾ ಹೋದಂತೆ ಅದರ ದೀಪ ಕೆಳಗಿನ ಊರಿನ ದೀಪಗಳ ರಾಶಿಯಲ್ಲಿ ಸೇರಿಹೋಯಿತು. “ನಿಮಗೆ ಕಾಣ್ತಿದೆಯಾ?” ಎಂದರು ಫಸ್ಟ್ ಆಫೀಸರ್. ಇಲ್ಲ. ಹತ್ತಿರದ ವಿಮಾನಗಳನ್ನು ತೋರಿಸಿ ಡಿಕ್ಕಿಯ ಎಚ್ಚರಿಕೆ ಕೊಡುವ ಟಿಕ್ಯಾಸ್ ಉಪಕರಣದ ಪರದೆಯ ಮೇಲೆ ಅದರ ಗುರುತೇನೋ ಇತ್ತು. ಆದರೆ ಟಿಕ್ಯಾಸ್ ತೋರಿಸುವ ದಿಕ್ಕು ಅಷ್ಟು ನಿಖರವಲ್ಲ, ಅದನ್ನು ನಂಬಿ ಕಣ್ಣಿಗೆ ಕಂಡಿತು ಎನ್ನಲಾಗದು. ಬೆನ್ನಲ್ಲೇ ಎಡಕ್ಕೊಂದು ಬಿಳಿ ದೀಪ ಕಾಣಿಸಿತು. ಅದೇ ಇರಬೇಕು ಎಂದು ಮನಸ್ಸು ಆಗಲೇ ಒಪ್ಪಿಕೊಳ್ಳತೊಡಗಿತ್ತು. ಆ “ಇರಬೇಕು” ಎಷ್ಟು ಹಿತವಾಗಿತ್ತು ಎಂಬುದೇ ನನ್ನನ್ನು ಈಗಲೂ ಬೆಚ್ಚಿಬೀಳಿಸುತ್ತದೆ.

ರೇಡಿಯೊ ಬಟನ್ ಒತ್ತಿ “ಟ್ರಾಫಿಕ್ ನಾಟ್ ಇನ್ ಸೈಟ್” ಎಂದೆ. ಕಂಟ್ರೋಲರ್ ಒಂದು ಕ್ಷಣವೂ ತಡೆಯದೆ ಹೆಡಿಂಗ್ (ಹಾರಬೇಕಾದ ದಿಕ್ಕು), ಎತ್ತರ ಕೊಟ್ಟರು. ಸುತ್ತಿ ಬಂದು ಇಳಿದೆವು. ಹೆಚ್ಚು ಇಂಧನ ಏಕೆ ಖರ್ಚಾಯಿತು ಎಂದು ಆಫೀಸಿನವರು ವಿವರಣೆ ಕೇಳಿದರು. ಇಂಥ ಪ್ರಶ್ನೆಯ ನೆನಪೇ ಮುಂದಿನ ಸಲ ಯಾರದೋ ಬೆರಳನ್ನು ಬಟನ್ ಮೇಲೆ ತಡೆದು ನಿಲ್ಲಿಸಬಹುದು ಎಂಬುದು ಅವರಿಗೆ ಹೊಳೆಯುವುದಿಲ್ಲ.

1978ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯಾಗೊದಲ್ಲಿ ಪಿಎಸ್‌ಎ ವಿಮಾನ ಕಂಪನಿಯ ಬೋಯಿಂಗ್ 727ರ ಸಿಬ್ಬಂದಿ ಮುಂದಿದ್ದ ಪುಟ್ಟ ಸೆಸ್ನಾ ವಿಮಾನ ಕಾಣುತ್ತಿದೆ ಎಂದಿದ್ದರು. ಆಮೇಲೆ ಅದು ಕಣ್ತಪ್ಪಿತು. ದಾಟಿ ಹೋಗಿರಬೇಕು ಎಂದುಕೊಂಡರು, ಕಾಣುತ್ತಿಲ್ಲವೆಂದು ಕಂಟ್ರೋಲರ್‌ಗೆ ಸ್ಪಷ್ಟವಾಗಿ ತಿಳಿಸಲಿಲ್ಲ. ಎರಡೂ ಡಿಕ್ಕಿಯಾಗಿ ನೆಲದ ಮೇಲಿದ್ದವರೂ ಸೇರಿ 144 ಜನ ಸತ್ತರು. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನಲ್ಲಿ ಸೇನಾ ಹೆಲಿಕಾಪ್ಟರ್‌ನವರು ಟ್ರಾಫಿಕ್ ಕಾಣುತ್ತಿದೆ ಎಂದು ತಾವೇ ವಿಷುವಲ್ ಸೆಪರೇಷನ್ ಕೇಳಿ ಪಡೆದಿದ್ದರು. ಇಳಿಯುತ್ತಿದ್ದ ಜೆಟ್‌ಗೆ ಡಿಕ್ಕಿಯಾಗಿ 67 ಜನ ಹೋದರು. ಎತ್ತರ ಸುಮಾರು 300 ಅಡಿ. ಅಷ್ಟು ಕೆಳಗೆ ಟಿಕ್ಯಾಸ್ ಆರ್‌ಎ, ಅಂದರೆ ಡಿಕ್ಕಿ ತಪ್ಪಿಸಲು ಏರಿ ಅಥವಾ ಇಳಿಯಿರಿ ಎಂಬ ಸೂಚನೆ, ಕೊಡುವುದಿಲ್ಲ.

ಗಾಜಿನ ಮೇಲೆ ಸರಿಯುತ್ತಿರುವ ದೀಪ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ನೇರ ನಮ್ಮ ದಾರಿಗೇ ಬರುತ್ತಿರುವುದು ಮಾತ್ರ ಗಾಜಿಗೆ ಮೆತ್ತಿದ ಚುಕ್ಕೆಯಂತೆ ಒಂದೇ ಕಡೆ ನಿಂತಿರುತ್ತದೆ, ಕೊನೆಯ ಕೆಲವು ಸೆಕೆಂಡುಗಳಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. ಅದಕ್ಕೇ ಒಮ್ಮೆ ಕಂಡದ್ದು ಕಂಡಿತು ಎಂದು ಸುಮ್ಮನಿರುವಂತಿಲ್ಲ.

ಸಿಮ್ಯುಲೇಟರ್‌ನಲ್ಲಿ ನಮಗೆ ಎಂಜಿನ್ ಫೇಲ್ಯೂರ್ ಮಾಡಿಸುತ್ತಾರೆ, ಆರ್‌ಎ ಮಾಡಿಸುತ್ತಾರೆ. ಕಂಡ ಟ್ರಾಫಿಕ್ ಮಾಯವಾಗುವುದನ್ನು ಯಾರೂ ಮಾಡಿಸಿಲ್ಲ. ಹಾಗಾಗಿ ಅಪ್ರೋಚ್ ಬ್ರೀಫಿಂಗ್‌ನಲ್ಲಿ ನಾನೇ ಸೇರಿಸಿಕೊಂಡಿದ್ದೇನೆ: ಯಾರ ಕಣ್ಣು ಟ್ರಾಫಿಕ್ ಮೇಲೆ, ಮತ್ತು ಇಬ್ಬರಲ್ಲಿ ಯಾರಿಗೆ ಅನುಮಾನ ಬಂದರೂ ಇನ್ನೊಬ್ಬರನ್ನು ಕೇಳುತ್ತ ಕೂರದೆ ಮೊದಲು ರೇಡಿಯೊದಲ್ಲಿ ಹೇಳಬೇಕು.