36 ಅಧಿಕಾರಿಗಳ ಲೆಕ್ಕ: ಇದು ಮೋಸ ಅಲ್ಲ

ಇಸ್ಪೀಟು ಕಟ್ಟಿನಿಂದ ಒಂಬತ್ತು ಎಲೆ ತೆಗೆಯಿರಿ. ಇಸ್ಪೀಟು, ಆಟೀನು, ಕಳಾವರ್, ಮೂರರಲ್ಲೂ ರಾಜ, ರಾಣಿ, ಗುಲಾಮ. ಇವನ್ನು ಮೂರು ಅಡ್ಡಸಾಲು, ಮೂರು ಕಂಬಸಾಲಿನಲ್ಲಿ ಜೋಡಿಸಬೇಕು. ಯಾವ ಸಾಲಿನಲ್ಲೂ ಒಂದೇ ಜಾತಿಯ ಎಲೆ ಎರಡು ಸಲ ಬರಬಾರದು, ಒಂದೇ ಮುಖವೂ ಎರಡು ಸಲ ಬರಬಾರದು.

ಇಸ್ಪೀಟು ರಾಜ, ಆಟೀನು ರಾಣಿ, ಕಳಾವರ್ ಗುಲಾಮ
ಆಟೀನು ಗುಲಾಮ, ಕಳಾವರ್ ರಾಜ, ಇಸ್ಪೀಟು ರಾಣಿ
ಕಳಾವರ್ ರಾಣಿ, ಇಸ್ಪೀಟು ಗುಲಾಮ, ಆಟೀನು ರಾಜ

ಆಯ್ತಲ್ವಾ? ಬಿಎಸ್ಸಿ ಕೊನೆ ವರ್ಷದವರಿಗೆ ಲೀನಿಯರ್ ಆಲ್ಜೀಬ್ರ ಹೇಳುವಾಗ ನಾನು ಇದನ್ನು ಮೇಜಿನ ಮೇಲೆ ಹರಡುತ್ತೇನೆ. ನಾಲ್ಕಕ್ಕೂ ಆಗುತ್ತದೆ, ಐದಕ್ಕೂ ಆಗುತ್ತದೆ. ಆರಕ್ಕೆ ಬಂದರೆ ಗಾಡಿ ನಿಂತುಬಿಡುತ್ತದೆ.

ಗಣಿತಜ್ಞ ಆಯ್ಲರ್ ಕೇಳಿದ್ದು ಇದನ್ನೇ. ಆರು ದಳ, ಆರು ದರ್ಜೆ, ಒಟ್ಟು 36 ಅಧಿಕಾರಿಗಳು. 1782ರಲ್ಲಿ ಅಚ್ಚಾದ ಲೇಖನದಲ್ಲಿ ಆತ ಇದು ಆಗುವುದಿಲ್ಲ ಅಂದ. 6, 10, 14 ಹೀಗೆ ಯಾವುದಕ್ಕೂ ಆಗದು ಅಂತಲೂ ಊಹಿಸಿದ. ಆರರ ವಿಷಯ ನಿಜ ಅಂತ ಗ್ಯಾಸ್ಟನ್ ಟ್ಯಾರಿ 1901ರ ಹೊತ್ತಿಗೆ ಒಂದೊಂದೇ ಸಾಧ್ಯತೆ ಪರೀಕ್ಷಿಸಿ ತೋರಿಸಿದ. ಹತ್ತು ಮತ್ತು ಅದರಾಚೆಯ ಊಹೆಯನ್ನು ಬೋಸ್, ಶ್ರೀಖಂಡೆ, ಪಾರ್ಕರ್ ಮೂವರೂ ಸೇರಿ 1959-60ರಲ್ಲಿ ಮುರಿದರು. ಆಗದೇ ಉಳಿದದ್ದು ಎರಡು, ಆರು ಮಾತ್ರ.

ಆಮೇಲೆ ಬಂದದ್ದು ನನಗೆ ತುಂಬಾ ಇಷ್ಟವಾದ ಭಾಗ. ಚೆನ್ನೈನ ಐಐಟಿ ಮದ್ರಾಸಿನ ಸುಹೈಲ್ ಅಹ್ಮದ್ ರಾಥರ್, ಅರುಳ್ ಲಕ್ಷ್ಮೀನಾರಾಯಣ್ ಮತ್ತು ಪೋಲೆಂಡಿನ ಸಂಶೋಧಕರು ಅಧಿಕಾರಿಗಳನ್ನು ಕ್ವಾಂಟಮ್ ಮಾಡಿದರು. ಒಬ್ಬ ಅಧಿಕಾರಿ ಈಗ ಒಂದೇ ದಳ, ಒಂದೇ ದರ್ಜೆಯವನಾಗಿರಬೇಕಿಲ್ಲ. ಹಲವು ಜೋಡಿಗಳು ಒಟ್ಟಿಗೆ ಬೆರೆತ ಸ್ಥಿತಿ, ಅಂದರೆ ಸೂಪರ್‌ಪೊಸಿಷನ್ ಆಗಬಹುದು, ಅವನ ದಳವೂ ದರ್ಜೆಯೂ ಎಂಟ್ಯಾಂಗಲ್ ಆಗಿರಬಹುದು, ಅಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲಾಗದಂತೆ ಹೆಣೆದುಕೊಂಡಿರಬಹುದು. 'ಬೇರೆ ಬೇರೆ' ಅಂದರೆ ಇಲ್ಲಿ ಒಂದಕ್ಕೊಂದು ಲಂಬವಾದ ವೆಕ್ಟರ್‌ಗಳು. ಈ ನಿಯಮದಲ್ಲಿ ಉತ್ತರ ಸಿಕ್ಕಿತು! 2022ರಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್‌ನಲ್ಲಿ ಪ್ರಕಟವಾಯಿತು.

ಇದನ್ನು ಹೇಳಿದಾಗ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ಇದು ಮೋಸ ಅಲ್ವಾ? ನಿಯಮ ಸಡಿಲ ಮಾಡಿದ್ರೆ ಯಾರು ಬೇಕಾದ್ರೂ ಗೆಲ್ತಾರೆ." ಒಳ್ಳೆ ಪ್ರಶ್ನೆ. ಉತ್ತರ ಎರಡರಲ್ಲೇ ಇದೆ. ಎರಡು ದಳ, ಎರಡು ದರ್ಜೆ, ನಾಲ್ಕು ಅಧಿಕಾರಿಗಳ ಲೆಕ್ಕಕ್ಕೂ ಇದೇ ಸಡಿಲಿಕೆ ಕೊಟ್ಟು ನೋಡಿ. ಆಗಲ್ಲ! ಹಿಗುಚಿ ಮತ್ತು ಸಡ್ಬರಿ 2000ದಲ್ಲೇ ಅದನ್ನು ಸಾಧಿಸಿದ್ದಾರೆ. ನಾಲ್ಕು ಕ್ಯೂಬಿಟ್‌ಗಳಿಗೆ (ಎರಡು ಮುಖದ ಕ್ವಾಂಟಮ್ ದಾಳಗಳು ಅನ್ನಿ) ಈ ಉತ್ತರಕ್ಕೆ ಬೇಕಾದ, ಪೂರ್ತಿ ಎಂಟ್ಯಾಂಗಲ್ ಆದ ಸ್ಥಿತಿಯೇ ಇಲ್ಲ. ಅಂದರೆ ನಿಯಮ ಸಡಿಲವಾದರೂ ಬಾಗಿಲು ತಾನಾಗಿ ತೆರೆಯುವುದಿಲ್ಲ.

ಆರಕ್ಕೆ ಬೇಕಾದದ್ದು 36×36ರ ಒಂದು ಮ್ಯಾಟ್ರಿಕ್ಸ್, ಒಬ್ಬೊಬ್ಬ ಅಧಿಕಾರಿಗೆ ಒಂದೊಂದು ಸಾಲು. ಅದು ಯೂನಿಟರಿ ಆಗಿರಬೇಕು, ಅಂದರೆ ಅದರ ಸಾಲುಗಳು ಒಂದಕ್ಕೊಂದು ಲಂಬವಾಗಿದ್ದು ಪ್ರತಿಯೊಂದರ ಉದ್ದ ಒಂದಾಗಿರಬೇಕು. ಅದರ ಅಂಶಗಳನ್ನು ಎರಡು ಗೊತ್ತಾದ ರೀತಿಯಲ್ಲಿ ಜಾಗ ಬದಲಿಸಿದಾಗಲೂ ಯೂನಿಟರಿಯಾಗಿಯೇ ಉಳಿಯಬೇಕು. ಹುಡುಕಿದ ದಾರಿ ಸರಳ. ಜಾಗ ಬದಲಿಸಿ, ಹತ್ತಿರದ ಯೂನಿಟರಿಗೆ ಸರಿಸಿ, ಮತ್ತೆ ಜಾಗ ಬದಲಿಸಿ. ಎಲ್ಲಿಂದ ಶುರು ಮಾಡುತ್ತೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಕಂಪ್ಯೂಟರ್ ಕೊಟ್ಟದ್ದು ಬರೀ ದಶಮಾಂಶಗಳ ರಾಶಿ. ಅವರು ಅಲ್ಲಿಗೆ ಬಿಡಲಿಲ್ಲ. ಅದನ್ನು ಅಚ್ಚುಕಟ್ಟು ಮಾಡುತ್ತಾ ಹೋದರು. ಕೊನೆಗೆ ಒಂಬತ್ತು ಪುಟ್ಟ 4×4 ತುಂಡುಗಳು ಉಳಿದವು. ದರ್ಜೆಗಳು ಎರಡೆರಡಾಗಿ ಜೋಡಿ ಕಟ್ಟಿಕೊಂಡಿದ್ದವು. ಸಂಖ್ಯೆಗಳಲ್ಲಿ ಸುವರ್ಣ ಅನುಪಾತ (ಸುಮಾರು 1.618) ಇತ್ತು! ಯಾರೂ ಅದನ್ನು ಒಳಗೆ ಹಾಕಿರಲಿಲ್ಲ. ನನಗೆ ಸಾಧನೆ ಅನಿಸುವುದು ಇಲ್ಲಿ, ಸಿಕ್ಕ ಉತ್ತರ ಯಾಕೆ ಸರಿ ಅಂತ ಕಾಗದದ ಮೇಲೆ ತೋರಿಸಿದ್ದರಲ್ಲಿ.

ಇದೇ ಮ್ಯಾಟ್ರಿಕ್ಸನ್ನು ಆರು ಮುಖದ ನಾಲ್ಕು ಕ್ವಾಂಟಮ್ ದಾಳಗಳ ಸ್ಥಿತಿ ಅಂತಲೂ ಓದಬಹುದು. ಯಾವ ಎರಡನ್ನೇ ನೋಡಿದರೂ ಏನು ಬೇಕಾದರೂ ಬೀಳಬಹುದು, ಸುಳಿವೇ ಸಿಗದು. ಮಾಹಿತಿಯೆಲ್ಲ ನಾಲ್ಕರ ನಂಟಿನಲ್ಲಿದೆ. ಅದಕ್ಕೇ ಇದರಿಂದ ತಪ್ಪು ಪತ್ತೆ ಹಚ್ಚುವ ಕ್ವಾಂಟಮ್ ಕೋಡ್ ಹುಟ್ಟಿತು.

ಮುಂದೆ ಇಂಥ ಉತ್ತರಗಳು ಅನಂತವಾಗಿವೆ ಅಂತಲೂ ಗೊತ್ತಾಯಿತು. ಬರುವ ಸೆಮಿಸ್ಟರ್‌ನಲ್ಲಿ ಆ ಹುಡುಗಿಯ ತಂಡಕ್ಕೆ ಹುಡುಕಾಟದ ಪ್ರೋಗ್ರಾಂ ಬರೆಯುವ ಕೆಲಸ ಕೊಡುತ್ತಿದ್ದೇನೆ. ಮೊದಲು ಮೂರಕ್ಕೆ, ಆಮೇಲೆ ಆರಕ್ಕೆ.