ಕೋಳಿ ಕೂಗಿದ ಸಂಜೆ

ಅಂತಿಮ ವರ್ಷದ ಮೊದಲ ತಿಂಗಳಲ್ಲೇ ನಮ್ಮ ಚಲನಚಿತ್ರ ಸಂಘದ ಮೇಷ್ಟ್ರು ಎರಡು ಡಬ್ಬಿಗಳನ್ನು ತಂದು ಮೇಜಿನ ಮೇಲಿಟ್ಟರು. ಒಂದರಲ್ಲಿ ಹಳೆಯ ಹಾಸ್ಯಚಿತ್ರಗಳ ಹೆಸರಿನ ಚೀಟಿಗಳು, ಇನ್ನೊಂದರಲ್ಲಿ ಭಯಾನಕ ಚಿತ್ರಗಳವು. ಪ್ರತಿ ತಂಡ ಎರಡರಿಂದಲೂ ಒಂದೊಂದು ಚೀಟಿ ಎತ್ತಬೇಕು, ಆ ಎರಡು ಚಿತ್ರಗಳು ಬೆರೆತರೆ ಹುಟ್ಟಬಹುದಾದ ಅಣಕು ಚಿತ್ರವನ್ನು ಕಲ್ಪಿಸಿ ಬರೆಯಬೇಕು. ನಮ್ಮ ಪಾಲಿಗೆ ಬಂದವು ಚಾಪ್ಲಿನ್ ಅವರ ‘ದ ಗೋಲ್ಡ್ ರಷ್’ (1925) ಮತ್ತು ಮುರ್ನೌ ಅವರ ‘ನೊಸ್ಫೆರಾಟು’ (1922). ಎರಡೂ ಮೂಕಿ ಚಿತ್ರಗಳು.

ಮೊದಲ ವಾರ ನಾವು ಬರೆದದ್ದು ಮೇಷ್ಟ್ರಿಗೆ ಹಿಡಿಸಲಿಲ್ಲ. ‘ನೊಸ್ಫೆರಾಟು’ವಿನ ರಕ್ತಪಿಶಾಚಿ ಕೌಂಟ್ ಓರ್ಲಾಕ್‌ನನ್ನು ಹಿಮದ ಮೇಲೆ ಜಾರಿಸಿ ಬೀಳಿಸಿದ್ದೆವು, ಅವನ ಕೈಯಲ್ಲಿ ಮಂಗಾಟ ಆಡಿಸಿದ್ದೆವು. “ತಾನು ಹಾಸ್ಯಚಿತ್ರದಲ್ಲಿದ್ದೇನೆಂದು ಪಿಶಾಚಿಗೆ ಗೊತ್ತಾಗಕೂಡದು” ಎಂದಷ್ಟೇ ಹೇಳಿ, 1948ರಲ್ಲಿ ಹಾಸ್ಯನಟರಾದ ಅಬಾಟ್ ಮತ್ತು ಕಾಸ್ಟೆಲೊ ಜೋಡಿ ಫ್ರಾಂಕೆನ್‌ಸ್ಟೈನ್‌ನ ದೈತ್ಯನನ್ನು ಎದುರಿಸಿದ ಚಿತ್ರವನ್ನು ತೋರಿಸಿದರು. 1931ರ ಚಿತ್ರದಲ್ಲಿ ರಕ್ತಪಿಶಾಚಿ ಡ್ರಾಕುಲಾ ಆಗಿದ್ದ ನಟ ಬೇಲಾ ಲುಗೋಸಿ ಅದರಲ್ಲಿ ಮತ್ತೆ ಅದೇ ಪಾತ್ರದಲ್ಲಿದ್ದಾರೆ. ಸುತ್ತ ಎಷ್ಟೇ ಗದ್ದಲವಾಗಲಿ, ಅವರ ಗಾಂಭೀರ್ಯ ಕದಲುವುದಿಲ್ಲ. ಕಾಸ್ಟೆಲೊ ನಡುಗುವಾಗ ನಾವು ನಗುವುದು ಅದರಿಂದಲೇ. ಮುಂದಿನ ವಾರ ಮೆಲ್ ಬ್ರೂಕ್ಸ್ ಅವರ 1974ರ ಅಣಕು ಚಿತ್ರ ‘ಯಂಗ್ ಫ್ರಾಂಕೆನ್‌ಸ್ಟೈನ್’. 1931ರ ‘ಫ್ರಾಂಕೆನ್‌ಸ್ಟೈನ್’ಗೆಂದು ಕೆನೆತ್ ಸ್ಟ್ರಿಕ್‌ಫ್ಯಾಡನ್ ತಯಾರಿಸಿದ್ದ ಪ್ರಯೋಗಾಲಯದ ಯಂತ್ರಗಳನ್ನೇ ಬ್ರೂಕ್ಸ್ ಹುಡುಕಿ ತಂದು ಬಳಸಿದರು, ಚಿತ್ರವನ್ನು ಕಪ್ಪು ಬಿಳುಪಿನಲ್ಲೇ ತೆಗೆದರು. ಅಣಕಕ್ಕೂ ಇಷ್ಟು ಭಕ್ತಿ ಬೇಕೆಂದು ನನಗೆ ಅಂದು ಮೊದಲು ಅನ್ನಿಸಿತು.

ಬರೆದದ್ದನ್ನೆಲ್ಲ ಹರಿದು ಹಾಕಿ ನಮ್ಮ ಎರಡು ಚಿತ್ರಗಳನ್ನು ಮತ್ತೆ ಮತ್ತೆ ನೋಡಿದೆವು. ಎರಡರಲ್ಲೂ ಮೊದಲೇ ಇರುವ ಒಂದು ಕೊಂಡಿ ಸಿಗದೆ ಬೆರಕೆ ಕೂಡುವುದಿಲ್ಲ ಎಂಬುದು ಮೇಷ್ಟ್ರ ಮಾತು. ಒಂದು ಸಂಜೆ ಗೆಳತಿಯೊಬ್ಬಳು ಕುರ್ಚಿಯಿಂದ ಎದ್ದು ನಿಂತು “ಕೋಳಿ!” ಎಂದು ಕೂಗಿದಳು. ಹಿಮಬಿರುಗಾಳಿಗೆ ಸಿಕ್ಕ ಗುಡಿಸಲಿನಲ್ಲಿ, ಹಸಿವು ತಲೆಗೇರಿದ ಜೊತೆಗಾರ ಬಿಗ್ ಜಿಮ್‌ನ ಕಣ್ಣಿಗೆ ಚಾಪ್ಲಿನ್‌ನ ಅಲೆಮಾರಿ ಆಳೆತ್ತರದ ಕೋಳಿಯಾಗಿ ಕಾಣುತ್ತಾನೆ. ಸೂರ್ಯನ ಬೆಳಕು ತಾಗಿದರೆ ಅಳಿಯುವ ಓರ್ಲಾಕ್ ಸಾಯುವುದು, ನಾಯಕಿ ಎಲ್ಲೆನ್ ಅವನಿಗೆ ಕೋಳಿ ಕೂಗುವ ಹೊತ್ತನ್ನೇ ಮರೆಸಿದ್ದರಿಂದ. ಆ ಕೋಳಿಗೂ ಈ ಕೋಳಿಗೂ ಮೂರು ವರ್ಷದ ಅಂತರ!

ಅಲ್ಲಿಂದ ಕಥೆ ತಾನಾಗಿ ಹರಿಯಿತು. ನಡುರಾತ್ರಿ ಓರ್ಲಾಕ್ ಮಲಗಿರುವ ಅಲೆಮಾರಿಯ ಕೊರಳಿಗೆ ಬಾಗುತ್ತಾನೆ. ಮೂಲೆಯಲ್ಲಿ ಕುಳಿತ ಜಿಮ್‌ಗೆ ಎಂದಿನಂತೆ ಅಲ್ಲಿ ಕೋಳಿ ಕಾಣುತ್ತದೆ, ಅದು ಕೂಗುತ್ತದೆ. ಬೆಳಗಾಯಿತೆಂದು ನಂಬಿದ ಪಿಶಾಚಿ ಅದೇ ಬಿಗಿದ ಮುಖದಲ್ಲಿ ಹಿಂದೆ ಸರಿದು ಶವಪೆಟ್ಟಿಗೆಯೊಳಗೆ ಮಲಗಿಕೊಳ್ಳುತ್ತಾನೆ. ಹೊರಗೆ ಗಾಢ ಕತ್ತಲೆ.

ನನಗೆ ಹೆಚ್ಚು ಪ್ರಿಯವಾದದ್ದು ಕೊನೆಯ ದೃಶ್ಯ. ಮೂಲದಲ್ಲಿ ಅಲೆಮಾರಿ ಹೊಸ ವರ್ಷದ ಹಿಂದಿನ ರಾತ್ರಿ ಮೇಜು ಸಿಂಗರಿಸಿ ಅತಿಥಿಗಳಿಗಾಗಿ ಕಾಯುತ್ತಾನೆ, ಯಾರೂ ಬರುವುದಿಲ್ಲ. ನಮ್ಮ ಕಥೆಯಲ್ಲಿ ಬಾಗಿಲು ತಟ್ಟುವವನು ಓರ್ಲಾಕ್. ಯಾರಾದರೂ ಬಂದರಲ್ಲ ಎಂಬ ಸಂತೋಷಕ್ಕೆ ಅಲೆಮಾರಿ ಅವನಿಗೆ ಕುರ್ಚಿ ಹಾಕಿ, ಎರಡು ಬನ್‌ಗಳಿಗೆ ಫೋರ್ಕ್ ಚುಚ್ಚಿ ಕುಣಿಸಿ ತೋರಿಸುತ್ತಾನೆ. ಪಿಶಾಚಿ ಹಸಿವನ್ನೂ ಹೊತ್ತನ್ನೂ ಮರೆತು ಆ ಕುಣಿತ ನೋಡುತ್ತಾ ಕೂರುತ್ತಾನೆ. ಕುಣಿಸಿ ಕುಣಿಸಿ ದಣಿದ ಅಲೆಮಾರಿ ಮೇಜಿಗೆ ತಲೆಯಿಟ್ಟು ನಿದ್ದೆ ಹೋಗುತ್ತಾನೆ. ಕಿಟಕಿಯಲ್ಲಿ ಸೂರ್ಯ ಮೂಡುತ್ತಾನೆ.

ಎಚ್ಚರವಾದಾಗ ಅಲೆಮಾರಿಗೆ ನಡೆದದ್ದು ತಿಳಿಯಬೇಕೇ ಬೇಡವೇ ಎಂದು ತಂಡದಲ್ಲಿ ಎರಡು ದಿನ ಜಗಳವಾಯಿತು. ಬೇಡವೆಂದು ನಾನು ಹಟ ಹಿಡಿದೆ, ಕೊನೆಗೆ ಹಾಗೆಯೇ ಬರೆದೆವು. ಅವನು ಕಣ್ಣುಜ್ಜಿ ಖಾಲಿ ಕುರ್ಚಿಯನ್ನು ನೋಡುತ್ತಾನೆ. ಈ ಅತಿಥಿಯೂ ಹೇಳದೆ ಹೋದನಲ್ಲ ಎಂದು ನೊಂದು, ಅವನ ತಟ್ಟೆಯನ್ನು ತೊಳೆದಿಡುತ್ತಾನೆ.