3 ಮತ್ತು 4

ಪಾರ್ಕಿನ್ಸನ್ ರೋಗಿಯೊಬ್ಬರ ಪಾರ್ಕಿನ್ ಜೀನ್ ಟೆಸ್ಟಿನ ರಿಪೋರ್ಟ್ ನಮ್ಮ ಲ್ಯಾಬಿನಲ್ಲಿ ನಾನು ಸೈನ್‌ಆಫ್ ಮಾಡಿ ನಾಲ್ಕು ದಿನವಾಗಿತ್ತು. ನರರೋಗದ ಡಾಕ್ಟರ್ ಫೋನ್ ಮಾಡಿದರು. "28ನೇ ವಯಸ್ಸಿಗೇ ನಡುಕ ಶುರುವಾಗಿದೆ, ಪಾದ ತಿರುಚಿಕೊಳ್ಳುತ್ತೆ, ಲೆವೊಡೋಪಾ ಮಾತ್ರೆ ಕೊಟ್ಟರೆ ಚೆನ್ನಾಗಿ ಓಡಾಡ್ತಾರೆ. ನೀವು ನೋಡಿದರೆ ಜೀನ್‌ನ ಒಂದೇ ಪ್ರತಿ ಹಾಳು, ಬರೀ ಕ್ಯಾರಿಯರ್ ಅಂತೀರಿ. ನನಗ್ಯಾಕೋ ಸರಿ ಕಾಣ್ತಿಲ್ಲ."

ನಾನು ಅವರಿಗೇ ಪಾಠ ಶುರುಮಾಡಿದೆ. ಹಾಳಾದ ಮೈಟೊಕಾಂಡ್ರಿಯಕ್ಕೆ ಪಿಂಕ್1 ಪ್ರೊಟೀನ್ ಗುರುತು ಹಾಕುತ್ತೆ, ಪಾರ್ಕಿನ್ ಪ್ರೊಟೀನ್ ಬಂದು ಅದನ್ನು ವಿಲೇವಾರಿಗೆ ಕಳಿಸುತ್ತೆ. ಆ ಕೆಲಸ ನಿಂತರೆ ಮೆದುಳಿನ ಡೋಪಮಿನ್ ಕೋಶಗಳು ಸಾಯುತ್ತಾ ಹೋಗುತ್ತವೆ. ಆದರೆ ಜೀನ್‌ನ ಒಂದು ಪ್ರತಿ ಸರಿ ಇದ್ದರೂ ಸಾಮಾನ್ಯವಾಗಿ ಸಾಕು ಮೇಡಂ, ಇವರಿಗೆ ಒಂದಿದೆ. ಅವರು ಎಲ್ಲಾ ಕೇಳಿಸಿಕೊಂಡು, "ಅಪ್ಪ ಅಮ್ಮನ ಸ್ಯಾಂಪಲ್ ಕಳಿಸ್ತೀನಿ" ಎಂದು ಫೋನ್ ಇಟ್ಟರು.

ರಿಪೋರ್ಟ್ ಬರೆಯುವಾಗ ನಾನು ನೋಡಿದ್ದಿಷ್ಟು. ಎಂಎಲ್‌ಪಿಎ ಅಂದರೆ ಜೀನ್‌ನ ಎಕ್ಸಾನ್‌ಗಳು, ಅಂದರೆ ಪ್ರೊಟೀನಿನ ಮಾಹಿತಿ ಇರುವ ತುಂಡುಗಳು, ಎಷ್ಟೆಷ್ಟು ಪ್ರತಿ ಇವೆ ಎಂದು ಎಣಿಸುವ ಟೆಸ್ಟ್. ಎರಡು ಪ್ರತಿ ಇದ್ದರೆ ರೇಶಿಯೋ 1, ಒಂದೇ ಇದ್ದರೆ ಅರ್ಧ. ಇದರಲ್ಲಿ 3ನೇ ಎಕ್ಸಾನ್ ರೇಶಿಯೋ 0.51, 4ನೇದು 0.49. ಪಕ್ಕಪಕ್ಕದವು, ಎರಡೂ ಅರ್ಧ. ಒಂದೇ ಕ್ರೋಮೋಸೋಮಿನಿಂದ ಒಂದೇ ತುಂಡು ಹೋಗಿದೆ ಎಂದು ಕಣ್ಣೇ ತೀರ್ಮಾನಿಸಿಬಿಟ್ಟಿತು. ಅಕ್ಷರ ಅಕ್ಷರ ಓದುವ ಸೀಕ್ವೆನ್ಸಿಂಗ್ ಕ್ಲೀನ್. ಲ್ಯಾಬ್ ಸಾಫ್ಟ್‌ವೇರ್ ಲಿಮ್ಸ್‌ನ ಡ್ರಾಪ್‌ಡೌನ್‌ನಲ್ಲಿ "3–4 ಡಿಲೀಶನ್, ಹೆಟೆರೋಜೈಗಸ್", ಅಂದರೆ ಒಂದು ಪ್ರತಿಯಲ್ಲಿ ಮಾತ್ರ 3, 4 ಇಲ್ಲ ಎಂಬ ಸಾಲು, ರೆಡಿ ಇತ್ತು. ರಿಪೋರ್ಟ್ ಕೊಡುವ ಗಡುವು, ಟ್ಯಾಟ್, ಮುಗಿಯಲು ಅರ್ಧ ದಿನ. ಒತ್ತಿದೆ.

ಸ್ಯಾಂಪಲ್ ಬಂದಮೇಲೆ ಅಪ್ಪನ ಫೈಲ್ ಮೊದಲು ತೆರೆದೆ. 3 ಅರ್ಧ. 4 ಮಾತ್ರ 1.02. 4ನ್ನು ಹಿಡಿಯುವ ಪ್ರೋಬ್ ಕೈಕೊಟ್ಟಿರಬೇಕು ಎಂದು ಮತ್ತೆ ಲೆಕ್ಕ ಹಾಕಿ ನಾರ್ಮಲೈಸ್ ಮಾಡಿದೆ. ಅದೇ ಬಂತು. ಅಮ್ಮನ ಫೈಲ್ ಮೇಲೆ ಮೌಸ್ ಇಟ್ಟು ಸುಮ್ನೆ ಕೂತೆ. ಒಳಗೇನಿದೆ ಅಂತ ಆಗಲೇ ಗೊತ್ತಾಗಿತ್ತು. ಎರಡು ನಿಮಿಷ ಆದಮೇಲೆ ಕ್ಲಿಕ್ ಮಾಡಿದೆ. 3 ಪೂರ್ತಿ, 4 ಅರ್ಧ.

ಅಪ್ಪನಿಂದ 3 ಇಲ್ಲದ ಪ್ರತಿ, ಅಮ್ಮನಿಂದ 4 ಇಲ್ಲದ ಪ್ರತಿ. ಸರಿಯಾದದ್ದು ಒಂದೂ ಇಲ್ಲ. ಎರಡನ್ನೂ ಕೂಡಿಸಿದರೆ ನಾನು ನೋಡಿದ್ದ ಅದೇ ಪ್ಲಾಟ್.

ಇದೇನು ಹೊಸದಲ್ಲ. 1998ರಲ್ಲಿ ಜಪಾನಿನವರು ಈ ಜೀನ್ ಹಿಡಿದದ್ದೇ ಇಂಥ ಡಿಲೀಶನ್‌ಗಳಿಂದ. ಎಕ್ಸಾನ್ ಬರೀ 12, ಉದ್ದ ಮಾತ್ರ ಹತ್ತು ಲಕ್ಷ ಬೇಸ್‌ಗೂ ಜಾಸ್ತಿ. ಎಲ್ಲಿ ಬೇಕಾದರೂ ತುಂಡಾಗಬಹುದು. "ಎಂಎಲ್‌ಪಿಎ ಎಣಿಸುತ್ತೆ ಅಷ್ಟೇ, ಯಾವ ಪ್ರತಿಯದು ಅಂತ ಹೇಳಲ್ಲ" ಎಂದು ಹೊಸಬರಿಗೆ ಟ್ರೇನಿಂಗ್‌ನಲ್ಲಿ ಹೇಳುವವನು ಬೇರೆ ಯಾರೂ ಅಲ್ಲ, ನಾನೇ.

ಡಾಕ್ಟರ್‌ಗೆ ಫೋನ್ ಮಾಡಿ, ಅಮೆಂಡೆಡ್ ರಿಪೋರ್ಟ್ ಕಳಿಸ್ತೀನಿ ಎಂದೆ. "ಎರಡೂ ಹೋಗಿವೆ ಅಲ್ವಾ?" ಎಂದರು. ಬೇರೇನೂ ಹೇಳಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಮ್ಯಾನೇಜರ್ ಸಾಹೇಬರು ಮೂಲ ಕಾರಣದ ಕಾಲಮ್ಮಿನಲ್ಲಿ "ಗಮನದ ಕೊರತೆ" ಎಂದು ಬರೆದು ಫೈಲ್ ಮುಚ್ಚಿದರು. ಡ್ರಾಪ್‌ಡೌನ್‌ಗೆ "ಫೇಸ್ (ಯಾವುದು ಯಾವ ಪ್ರತಿಯಲ್ಲಿ) ಗೊತ್ತಿಲ್ಲ, ಅಪ್ಪ ಅಮ್ಮನ ಸ್ಯಾಂಪಲ್ ಬೇಕು" ಎಂಬ ಸಾಲು ಸೇರಿಸಿ ಎಂದು ನಾನು ಹಾಕಿದ ಟಿಕೆಟ್ ಇನ್ನೂ ಓಪನ್. ಪ್ರತಿ ಸಲ ಕೈಯಲ್ಲೇ ಟೈಪ್ ಮಾಡುತ್ತಿದ್ದೇನೆ.